ಕಲಬುರಗಿ ಬಿಸಿಲು, ಕಾರಿನ ಆಯಿಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆ ಕಾರು ಇಟ್ಟುಕೊಂಡವರು ಆಯಿಲ್ ಬದಲಿಸುವ ಹೊತ್ತಿಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ಗಡಿಬಿಡಿಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬಿಡಿಸಿ ಬರೆದಿದೆ. ನಂಬರ್ ಪ್ಲೇಟ್ ಕೆಎ-32 ಇರಲಿ, ಕೆಎ-33 ಇರಲಿ, ಕೆಎ-38 ಇರಲಿ, ಉತ್ತರ ಬದಲಾಗುವುದಿಲ್ಲ.

ಸುತ್ತಿ ಬಳಸಿ ಬೇಡ. ನನ್ನ ಕಾರಿಗೆ ಯಾವ ಆಯಿಲ್ ಹಾಕಲಿ?

ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಕಂಪನಿ ಕೊಟ್ಟ ಮ್ಯಾನ್ಯುಯಲ್ ಇರುತ್ತದೆ. ಅದರ ಕೊನೆಯ ಕಡೆ ಎಂಜಿನ್ ಆಯಿಲ್ ಎಂಬ ಪುಟ ಹುಡುಕಿ. ಅಲ್ಲಿ ಮೂರು ವಿಷಯ ಸಿಗುತ್ತವೆ: ಆಯಿಲ್‌ನ ಗ್ರೇಡ್, ಅದರ ಗುಣಮಟ್ಟದ ಅಕ್ಷರಗಳು, ಎಷ್ಟು ಲೀಟರ್ ಹಿಡಿಯುತ್ತದೆ ಎಂಬ ಲೆಕ್ಕ. ಈ ಮೂರೂ ಹೊಂದುವ ಯಾವುದೇ ಒಳ್ಳೆ ಕಂಪನಿಯ ಆಯಿಲ್ ನಡೆಯುತ್ತದೆ. ಬ್ರಾಂಡ್ ಆಮೇಲಿನ ಮಾತು.

ಮ್ಯಾನ್ಯುಯಲ್ ಕಳೆದುಹೋಗಿದ್ದರೆ ಬಹಳಷ್ಟು ಕಂಪನಿಗಳ ವೆಬ್‌ಸೈಟಿನಲ್ಲಿ ಸಿಗುತ್ತದೆ. ಹುಡುಕುವಾಗ ಮಾಡೆಲ್ ಹೆಸರಿನ ಜೊತೆ ವರ್ಷ ಮತ್ತು ಎಂಜಿನ್ ಎರಡನ್ನೂ ನೋಡಿ. ಒಂದೇ ಹೆಸರಿನ ಕಾರಿಗೆ ಪೆಟ್ರೋಲಿಗೊಂದು, ಡೀಸೆಲ್ಲಿಗೊಂದು, ಬಿಎಸ್4ಕ್ಕೊಂದು, ಬಿಎಸ್6ಕ್ಕೊಂದು (ಬಿಎಸ್ ಎಂದರೆ ಸರ್ಕಾರದ ಹೊಗೆ ನಿಯಮದ ಹಂತ) ಆಯಿಲ್ ಇರಬಹುದು.

5ಡಬ್ಲ್ಯೂ-30, 15ಡಬ್ಲ್ಯೂ-40 ಅಂದರೆ ಏನು?

ಆಯಿಲ್ ಎಷ್ಟು ದಪ್ಪ, ಎಷ್ಟು ತೆಳು ಎನ್ನುವ ಲೆಕ್ಕ. ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆ ಮಾಡಿದ ಅಳತೆ ಇದು. ಡಬ್ಲ್ಯೂ ಇರುವ ಮೊದಲ ಭಾಗ ಚಳಿಗಾಲದ್ದು. ಎಂಜಿನ್ ತಣ್ಣಗಿದ್ದಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಹೇಳುತ್ತದೆ. ಅಂಕಿ ಸಣ್ಣದಾದಷ್ಟೂ ಚಳಿಯಲ್ಲಿ ಬೇಗ ಹರಿಯುತ್ತದೆ. ಎರಡನೇ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಎನ್ನುವುದು. ಅಲ್ಲಿ 30ರ ಆಯಿಲ್ 9.3ರಿಂದ 12.5 ಸೆಂಟಿಸ್ಟೋಕ್ (ದ್ರವದ ದಪ್ಪ ಅಳೆಯುವ ಮಾನ) ನಡುವೆ ಇರಬೇಕು, 40ರದ್ದು 12.5ರಿಂದ 16.3ರ ನಡುವೆ.

ನಮ್ಮಲ್ಲಿ ಮೇ ತಿಂಗಳು 44 ಡಿಗ್ರಿ ಬಿಸಿಲು. ದಪ್ಪ ಆಯಿಲ್ ಹಾಕಬೇಕಲ್ವಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ತಪ್ಪು ಉತ್ತರ ಜಾಸ್ತಿ ಸಿಗುವುದೂ ಇದಕ್ಕೇ.

ಎಂಜಿನ್ ಬಿಸಿಯಾದ ಮೇಲೆ ಒಳಗಿನ ಆಯಿಲ್ ಸಾಮಾನ್ಯವಾಗಿ 90ರಿಂದ 110 ಡಿಗ್ರಿ ಆಸುಪಾಸಿನಲ್ಲಿ ಇರುತ್ತದೆ. ಮಂಗಳೂರಿನಲ್ಲಿ ಓಡಿಸಿದರೂ, ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ನಿಂತರೂ ಇದರಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಏಕೆಂದರೆ ರೇಡಿಯೇಟರ್, ಥರ್ಮೋಸ್ಟಾಟ್, ಫ್ಯಾನ್ ಇರುವುದೇ ಆ ಬಿಸಿಯನ್ನು ಹತೋಟಿಯಲ್ಲಿ ಇಡಲು. ಹೊರಗಿನ ಬಿಸಿಲು 34 ಇದ್ದದ್ದು 44 ಆದರೆ ಆ ಮೂರರ ಮೇಲೆ ಕೆಲಸದ ಹೊರೆ ಏರುತ್ತದೆ. ಕೂಲಿಂಗ್ ಸರಿ ಇದ್ದರೆ ಆಯಿಲ್‌ಗೆ ಬೀಳುವ ಹೊಡೆತ ಸಣ್ಣದು. ಕೂಲಿಂಗ್ ಕೆಟ್ಟಿದ್ದರೆ 20ಡಬ್ಲ್ಯೂ-50 ಹಾಕಿದರೂ ಗಾಡಿ ಉಳಿಯುವುದಿಲ್ಲ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಎಂಜಿನ್ನಿನ ಲೆಕ್ಕದಲ್ಲಿ ನಮ್ಮ 44 ಡಿಗ್ರಿಯೂ ತಣ್ಣಗೇ. 5ಡಬ್ಲ್ಯೂ-30 ಆಯಿಲ್ 40 ಡಿಗ್ರಿಯಲ್ಲಿ ಸುಮಾರು 60 ಸೆಂಟಿಸ್ಟೋಕ್ ದಪ್ಪ ಇರುತ್ತದೆ. ಅಂದರೆ 100 ಡಿಗ್ರಿಯಲ್ಲಿ ಇರುವುದಕ್ಕಿಂತ ಐದಾರು ಪಟ್ಟು. 15ಡಬ್ಲ್ಯೂ-40 ಅದೇ 40 ಡಿಗ್ರಿಯಲ್ಲಿ ನೂರರ ಮೇಲೆ ಇರುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಬಿಸಿಲಲ್ಲಿ ನಿಂತಿದ್ದ ಕಾರನ್ನು ಸ್ಟಾರ್ಟ್ ಮಾಡಿದರೂ ಮೊದಲ ಕೆಲವು ನಿಮಿಷ ಆಯಿಲ್ ಬೇಕಾದ್ದಕ್ಕಿಂತ ದಪ್ಪವೇ. ಎಂಜಿನ್ ಸವೆಯುವುದು ಆ ಹೊತ್ತಿನಲ್ಲೇ ಜಾಸ್ತಿ. ಸುಮ್ನೆ ದಪ್ಪ ಆಯಿಲ್ ಸುರಿದರೆ ಆ ಹೊತ್ತು ಇನ್ನಷ್ಟು ಉದ್ದವಾಗುತ್ತದೆ.

ಹಾಗಾದರೆ ಬಿಸಿಲಿಗೆ ಲೆಕ್ಕವೇ ಇಲ್ಲವಾ? ಇದೆ. ಕೆಲವು ಮ್ಯಾನ್ಯುಯಲ್‌ಗಳಲ್ಲಿ ಹೊರಗಿನ ಉಷ್ಣತೆಗೆ ತಕ್ಕ ಗ್ರೇಡ್‌ಗಳ ಪಟ್ಟಿ ಇರುತ್ತದೆ. 0ಡಬ್ಲ್ಯೂ-20 ಮೊದಲ ಆಯ್ಕೆ, ಬೇಕಾದರೆ 5ಡಬ್ಲ್ಯೂ-30 ಹಾಕಬಹುದು ಎಂದು ಬರೆದಿರಬಹುದು. ಅಂಥ ಕಾರಿನಲ್ಲಿ ಫುಲ್ ಲೋಡ್ ತುಂಬಿ, ಎಸಿ ಹಾಕಿಕೊಂಡು, ಬೇಸಿಗೆಯಲ್ಲಿ ಸೋಲಾಪುರ, ಹೈದರಾಬಾದ್ ಎಂದು ಓಡಾಡುವವರು ಎರಡನೆಯದನ್ನು ಆರಿಸಿದರೆ ತಪ್ಪಿಲ್ಲ. ಪಟ್ಟಿಯಲ್ಲಿ ಇದ್ದರೆ ಮಾತ್ರ. ಈ ಭಾಗದ ಬಿಸಿಲು, ಧೂಳು ಆಯಿಲ್ ಎಷ್ಟು ಬೇಗ ಬದಲಿಸಬೇಕು ಎಂಬುದನ್ನು ತೀರ್ಮಾನಿಸುತ್ತವೆ. ಯಾವ ಆಯಿಲ್ ಎಂಬುದನ್ನು ಎಂಜಿನ್ ಮಾಡಿದವರು ಆಗಲೇ ತೀರ್ಮಾನಿಸಿ ಆಗಿದೆ.

ಬೀದರ್ ಚಳಿಗೆ ಬೇರೆ ಆಯಿಲ್ ಬೇಕಾ?

ಬೇಡ. ಡಿಸೆಂಬರ್, ಜನವರಿಯಲ್ಲಿ ಬೀದರ್ ಕಡೆ ಥಂಡಿ ಕೊರೆಯುತ್ತದೆ, ನಿಜ. ಆದರೆ 20ಡಬ್ಲ್ಯೂ ಆಯಿಲನ್ನೇ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಪರೀಕ್ಷೆ ಮಾಡಿರುತ್ತಾರೆ. 5ಡಬ್ಲ್ಯೂ ಆದರೆ ಸೊನ್ನೆಗಿಂತ 30 ಕೆಳಗೆ.

ನಮ್ಮ ಮಿಸ್ತ್ರಿ “20ಡಬ್ಲ್ಯೂ-40 ಹಾಕ್ರಿ, ಎಲ್ಲಾ ಗಾಡಿಗೂ ನಡೀತದ” ಅಂತಾನೆ. ಹೌದಾ?

ಕಾರ್ಬುರೇಟರ್ ಕಾಲದ ಗಾಡಿಗಳಿಗೆ ನಡೆಯುತ್ತಿತ್ತು. ಆ ಉಸ್ತಾದ್‌ಗಳು ಕೆಲಸ ಕಲಿತದ್ದೂ ಅವುಗಳ ಮೇಲೇ. ಈಗಿನ ಎಂಜಿನ್ ಬೇರೆ. ಬೇರಿಂಗುಗಳ ನಡುವಿನ ಸಂದಿ ಕಡಿಮೆ. ವಾಲ್ವ್ ಟೈಮಿಂಗ್ ಹಿಂದೆ ಮುಂದೆ ಮಾಡುವ ಭಾಗ, ಚೈನ್ ಬಿಗಿ ಹಿಡಿಯುವ ಟೆನ್ಶನರ್, ಇವೆಲ್ಲ ಆಯಿಲ್ ಪ್ರೆಶರ್ ಮೇಲೆಯೇ ಕೆಲಸ ಮಾಡುತ್ತವೆ. ಆಯಿಲ್ ಹೋಗುವ ದಾರಿ ಸಣ್ಣದು. 0ಡಬ್ಲ್ಯೂ-20 ಎಂದು ಬರೆದಿರುವ ಕಾರಿಗೆ 20ಡಬ್ಲ್ಯೂ-40 ಹಾಕಿದರೆ ಮರುದಿನವೇ ಎಂಜಿನ್ ಕೂರುವುದಿಲ್ಲ. ಅದಕ್ಕೇ “ನಡೀತದ” ಎನ್ನುವ ಮಾತು ಇನ್ನೂ ನಡೆಯುತ್ತಿದೆ. ಆದರೆ ಅವರೇಜ್ ಇಳಿಯುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಸದ್ದು ಬರುತ್ತದೆ, ಕೆಲವು ಕಾರುಗಳಲ್ಲಿ ಚೆಕ್ ಎಂಜಿನ್ ದೀಪವೂ ಬರುತ್ತದೆ.

ಮಿಸ್ತ್ರಿ ಜೊತೆ ವಾದ ಬೇಡ. ಮ್ಯಾನ್ಯುಯಲ್‌ನ ಆ ಪುಟದ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ತೋರಿಸಿ. ಕೆಲಸ ಬಲ್ಲವರು ಒಪ್ಪುತ್ತಾರೆ.

ಡಬ್ಬಿ ಮೇಲೆ ಎಪಿಐ ಎಸ್‌ಎನ್, ಎಸ್‌ಪಿ, ಸಿಐ-4, ಸಿಕೆ-4 ಅಂತ ಇರುತ್ತದಲ್ಲ?

ಎಪಿಐ ಎಂಬ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಕೊಡುವ ಗುಣಮಟ್ಟದ ಅಕ್ಷರಗಳು ಇವು. ಎಸ್ ಅಕ್ಷರದಿಂದ ಶುರುವಾದರೆ ಪೆಟ್ರೋಲ್, ಸಿ ಇಂದ ಶುರುವಾದರೆ ಡೀಸೆಲ್. ಪೆಟ್ರೋಲಿನಲ್ಲಿ ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸ ಮಟ್ಟ. ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು, ಎಸ್‌ಕ್ಯೂ 2025ರದ್ದು. ಹೊಸದು ಹಳೆಯದರ ಜಾಗಕ್ಕೆ ಬರಬಹುದು. ಎಸ್‌ಎನ್ ಕೇಳಿದ ಕಾರಿಗೆ ಅದೇ ಗ್ರೇಡ್‌ನ ಎಸ್‌ಪಿ ಹಾಕಬಹುದು. ತಿರುಗುಮುರುಗು ಮಾಡಬೇಡಿ. ಡಬ್ಬಿ ಮೇಲೆ ಎಸ್, ಸಿ ಎರಡೂ ಬಗೆಯ ಗುರುತು ಇದ್ದರೆ ಎರಡೂ ಬಗೆಯ ಎಂಜಿನ್‌ಗಳ ಪರೀಕ್ಷೆ ಪಾಸಾದ ಆಯಿಲ್ ಎಂದರ್ಥ.

ನನ್ನದು ಬಿಎಸ್6 ಡೀಸೆಲ್. ಏನಾದರೂ ವಿಶೇಷ ನೋಡಬೇಕಾ?

ನೋಡಲೇಬೇಕು. ಈ ಪುಟದಲ್ಲಿ ಒಂದೇ ಉತ್ತರ ಓದುವ ಪುರುಸೊತ್ತು ಇರುವ ಡೀಸೆಲ್ ಮಾಲೀಕರು ಇದನ್ನು ಓದಲಿ.

2020ರ ಏಪ್ರಿಲ್ 1ರಿಂದ ಬಿಎಸ್6 ಬಂತು. ಅದರ ಜೊತೆ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಫಿಲ್ಟರ್ ಬಂತು. ಹೊಗೆಯ ಕರಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಸಾಕಷ್ಟು ತುಂಬಿದ ಮೇಲೆ ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಟ್ಟು ಹಾಕುತ್ತದೆ. ಕರಿ ಸುಡುತ್ತದೆ, ಆದರೆ ಬೂದಿ ಸುಡುವುದಿಲ್ಲ. ಆ ಬೂದಿಯ ಬಹುಪಾಲು ಬರುವುದು ಎಂಜಿನ್ ಆಯಿಲ್‌ನಲ್ಲಿ ಬೆರೆಸಿದ ರಾಸಾಯನಿಕಗಳಿಂದ. ಅದಕ್ಕೇ ಇಂಥ ಕಾರುಗಳಿಗೆ ಕಡಿಮೆ ಬೂದಿಯ ಆಯಿಲ್ ಬೇಕು. ಡಬ್ಬಿ ಮೇಲೆ ಎಸಿಇಎ (ಯುರೋಪಿನ ಕಾರು ತಯಾರಕರ ಸಂಘ) ಸಿ2, ಸಿ3 ಎಂಬಂಥ ಗುರುತು, ಇಲ್ಲವೇ ನಿಮ್ಮ ಕಾರು ಕಂಪನಿಯ ಸ್ವಂತ ನಂಬರ್ ಇರುತ್ತದೆ. ಸಿ3 ಆಯಿಲ್‌ನಲ್ಲಿ ಬೂದಿ ನೂರಕ್ಕೆ 0.8 ದಾಟುವಂತಿಲ್ಲ. ಹಳೆ ಡೀಸೆಲ್ ಗಾಡಿಗೆ ಹಾಕುವ ಸಾದಾ 15ಡಬ್ಲ್ಯೂ-40 ಸಿಐ-4 ಹಾಕುತ್ತಾ ಹೋದರೆ ಡಿಪಿಎಫ್ ಬೂದಿಯಿಂದ ಕಟ್ಟಿಕೊಳ್ಳುತ್ತದೆ. ಆಯಿಲ್‌ನಲ್ಲಿ ಉಳಿಸಿದ ದುಡ್ಡಿನ ಹತ್ತಾರು ಪಟ್ಟು ಆ ಫಿಲ್ಟರಿಗೆ ಹೋಗುತ್ತದೆ.

ಇನ್ನೊಂದು ತೊಂದರೆ ಊರೊಳಗೇ ಓಡಿಸುವವರಿಗೆ. ಮನೆಯಿಂದ ಸೂಪರ್ ಮಾರ್ಕೆಟ್, ಅಲ್ಲಿಂದ ಶಾಲೆ, ವಾಪಸ್ ಮನೆ. ಡಿಪಿಎಫ್ ಸುಡಲು ಶುರು ಮಾಡುವಷ್ಟರಲ್ಲಿ ಗಾಡಿ ಆಫ್. ಹಲವು ಎಂಜಿನ್‌ಗಳಲ್ಲಿ ಈ ಸುಡುವ ಕೆಲಸಕ್ಕೆ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತಾರೆ. ಅದು ಅರ್ಧಕ್ಕೇ ನಿಂತರೆ ಆ ಡೀಸೆಲ್ ಸ್ವಲ್ಪ ಸ್ವಲ್ಪವೇ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಗೇಜ್ ಕಡ್ಡಿ ತೆಗೆದು ನೋಡಿದರೆ ಮಟ್ಟ ಏರಿರುತ್ತದೆ. “ಆಯಿಲ್ ಜಾಸ್ತಿ ಆಗಿದೆ, ಒಳ್ಳೇದಾಯ್ತು” ಅನ್ನುವಂತಿಲ್ಲ. ತೆಳುವಾಗಿದೆ, ಬದಲಿಸಬೇಕು. ವಾರಕ್ಕೊಮ್ಮೆಯಾದರೂ ಹುಮನಾಬಾದ್ ರಸ್ತೆಗೋ ಜೇವರ್ಗಿ ರಸ್ತೆಗೋ ಇಳಿದು, ಒಂದೇ ವೇಗದಲ್ಲಿ ಇಪ್ಪತ್ತು ಮೂವತ್ತು ನಿಮಿಷ ಓಡಿಸಿಕೊಂಡು ಬನ್ನಿ. ಅಫಜಲಪುರ ರಸ್ತೆ ಹಿಡಿದರೆ ಗಾಣಗಾಪುರ ದರ್ಶನವೂ ಆದೀತು.

ಟರ್ಬೊ ಪೆಟ್ರೋಲ್? ಸಿಎನ್‌ಜಿ?

ಟರ್ಬೊ ಪೆಟ್ರೋಲ್‌ಗೆ ಎಪಿಐ ಎಸ್‌ಪಿ ಅಥವಾ ಅದಕ್ಕಿಂತ ಹೊಸದು ಇರಲಿ, ಫುಲ್ ಸಿಂಥೆಟಿಕ್ ಇರಲಿ. ಕಡಿಮೆ ವೇಗದಲ್ಲಿ ದೊಡ್ಡ ಗೇರ್ ಹಾಕಿ ಜೋರಾಗಿ ಒತ್ತಿದಾಗ ಸ್ಪಾರ್ಕ್ ಬರುವ ಮೊದಲೇ ಇಂಧನ ಹೊತ್ತಿಕೊಳ್ಳುವ ತೊಂದರೆ ಕೆಲವು ನೇರ ಇಂಜೆಕ್ಷನ್ ಟರ್ಬೊಗಳಲ್ಲಿ ಇದೆ. ಪಿಸ್ಟನ್ ಒಡೆಯುವಷ್ಟು ಪೆಟ್ಟು ಅದು. ಎಸ್‌ಪಿ ಮಟ್ಟದಲ್ಲಿ ಇದಕ್ಕೆಂದೇ ಪರೀಕ್ಷೆ ಸೇರಿಸಿದರು.

ಸಿಎನ್‌ಜಿಯಲ್ಲಿ ಕರಿ ಕಡಿಮೆ, ಆಯಿಲ್ ಬಹಳ ದಿನ ಚೊಕ್ಕವಾಗಿ ಕಾಣುತ್ತದೆ. ಅದನ್ನು ನಂಬಿ ಮುಂದೂಡಬೇಡಿ. ಬಿಸಿಗೆ ಆಯಿಲ್ ಒಳಗೊಳಗೇ ಹಳಸಿ ಗಟ್ಟಿಯಾಗುತ್ತದೆ.

ಸಿಂಥೆಟಿಕ್ ಹಾಕಲೇಬೇಕಾ? ಮಿನರಲ್ ಸಾಲದಾ?

ಮ್ಯಾನ್ಯುಯಲ್ 0ಡಬ್ಲ್ಯೂ-20 ಕೇಳಿದರೆ ಪ್ರಶ್ನೆಯೇ ಇಲ್ಲ, ಅಂಥ ಗ್ರೇಡ್ ಸಿಂಥೆಟಿಕ್‌ನಲ್ಲೇ ಸಿಗುತ್ತದೆ. ಹತ್ತು ಹದಿನೈದು ವರ್ಷ ಹಳೆಯ ಸಾದಾ ಪೆಟ್ರೋಲ್ ಕಾರು, ತಿಂಗಳಿಗೆ ನಾಲ್ಕು ಸಲ ಹೊರಗೆ ತೆಗೆಯುತ್ತೀರಿ ಎಂದಾದರೆ ಸರಿಯಾದ ಗ್ರೇಡ್‌ನ ಮಿನರಲ್ ಸಾಕು. ಸಮಯಕ್ಕೆ ಬದಲಿಸಿದ ಮಿನರಲ್, ಎರಡು ವರ್ಷ ಬಿಟ್ಟ ಸಿಂಥೆಟಿಕ್‌ಗಿಂತ ಒಳ್ಳೆಯದು. ಆದರೆ ನಮ್ಮ ಬೇಸಿಗೆಯಲ್ಲಿ ಎಸಿ ಹಾಕಿಕೊಂಡು ಗಂಟೆಗಟ್ಟಲೆ ಓಡುವ ಗಾಡಿಗೆ ಸಿಂಥೆಟಿಕ್ ಕೊಟ್ಟ ದುಡ್ಡು ವ್ಯರ್ಥವಲ್ಲ. ಬಿಸಿಗೆ ಅದು ತಡವಾಗಿ ಹಳಸುತ್ತದೆ, ಕಡಿಮೆ ಆವಿಯಾಗುತ್ತದೆ. ಸೆಮಿ ಸಿಂಥೆಟಿಕ್ ಬಗ್ಗೆ ಒಂದು ಮಾತು: ಎಷ್ಟು ಪಾಲು ಸಿಂಥೆಟಿಕ್ ಎಂದು ಡಬ್ಬಿ ಮೇಲೆ ಸಾಮಾನ್ಯವಾಗಿ ಬರೆದಿರುವುದಿಲ್ಲ. ಹಾಗಾಗಿ ಹೆಸರು ಬಿಟ್ಟು ಹಿಂಬದಿಯ ಅಕ್ಷರ, ಅಂಕಿಗಳನ್ನೇ ನೋಡಿ.

ಎಷ್ಟು ಕಿಲೋಮೀಟರಿಗೆ ಬದಲಿಸಬೇಕು?

ಹಲವು ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಇದು ಎಲ್ಲರೂ ಓದುವ ಸಾಲು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ: ಕಠಿಣ ಪರಿಸ್ಥಿತಿಯಲ್ಲಿ ಓಡಿಸಿದರೆ ಬೇಗ ಬದಲಿಸಿ. ಕಠಿಣ ಎಂದರೆ ಏನು ಎಂದು ಅಲ್ಲೇ ಹೇಳಿರುತ್ತಾರೆ. ಧೂಳಿನ ರಸ್ತೆ, ಜಾಸ್ತಿ ಬಿಸಿ, ಸಣ್ಣ ಸಣ್ಣ ಓಡಾಟ, ನಿಂತಲ್ಲೇ ಎಂಜಿನ್ ಓಡಿಸುವುದು. ಓದಿದರೆ ನಮ್ಮ ಜಿಲ್ಲೆ ನೋಡಿಯೇ ಬರೆದ ಹಾಗಿದೆ!

ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರ ಕಡೆ ದಿನಾ ಓಡಾಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಿಮೆಂಟ್ ಲಾರಿಗಳ ಹಿಂದೆ, ಕಲ್ಲಿನ ಗಣಿಗಳ ಪಕ್ಕ, ಬಾನೆಟ್ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಏರ್ ಫಿಲ್ಟರ್ ಕಟ್ಟಿಕೊಂಡರೆ ಪಿಕಪ್ ಹೋಗುತ್ತದೆ ಅಷ್ಟೇ. ಹರಿದರೆ ಅಥವಾ ಅದರ ಡಬ್ಬಿ ಸರಿಯಾಗಿ ಮುಚ್ಚದಿದ್ದರೆ ಧೂಳು ಒಳಗೆ ಹೋಗಿ ಆಯಿಲ್‌ನಲ್ಲಿ ಸೇರಿ, ವಾಲ್ವ್ ತಿಕ್ಕಲು ಮಿಸ್ತ್ರಿಗಳು ಬಳಸುವ ಗ್ರೈಂಡಿಂಗ್ ಪೇಸ್ಟ್‌ನಂತೆ ರಿಂಗ್, ಬೋರ್ ತಿನ್ನುತ್ತದೆ. ಎಷ್ಟು ದುಬಾರಿ ಆಯಿಲ್ ಹಾಕಿದರೂ ಇದಕ್ಕೆ ಉತ್ತರವಿಲ್ಲ. ಆಯಿಲ್ ಬದಲಿಸುವಾಗ ಏರ್ ಫಿಲ್ಟರ್ ಬಿಚ್ಚಿಸಿ ನೋಡಿ. ಗಾಳಿ ಹೊಡೆದು ಹೊಡೆದು ಕಾಗದ ಸಡಿಲವಾಗಿದ್ದರೆ ಹೊಸದೇ ಹಾಕಿಸಿ.

ತೊಗರಿ ರಾಶಿಯ ಕಾಲದಲ್ಲಿ ಇನ್ನೊಂದು ಕಿರಿಕಿರಿ. ಹೊಟ್ಟು ಹಾರಿ ರೇಡಿಯೇಟರ್ ಜಾಲರಿಗೆ ಅಂಟಿಕೊಳ್ಳುತ್ತದೆ. ಎಂಜಿನ್ ಬಿಸಿ ಏರಿದರೆ ಜನ ಆಯಿಲ್ ಬೈಯುತ್ತಾರೆ. ಒಮ್ಮೆ ಮುಂದೆ ಬಗ್ಗಿ ನೋಡಿ.

ಮೇ ತಿಂಗಳಲ್ಲಿ ಎಸಿಗಾಗಿ ಗಾಡಿ ಸ್ಟಾರ್ಟ್ ಇಟ್ಟು ಮದುವೆ ಹಾಲ್ ಹೊರಗೆ ಕೂರುವ ಡ್ರೈವರ್‌ಗಳಿಗೆ ಒಂದು ಮಾತು. ಕಿಲೋಮೀಟರ್ ಮೀಟರ್ ನಿಂತಿರುತ್ತದೆ, ಆಯಿಲ್ ಮಾತ್ರ ದುಡಿಯುತ್ತಲೇ ಇರುತ್ತದೆ. ಬಾಡಿಗೆಗೆ ಓಡುವ ಕಾರು, ಧೂಳಿನ ರಸ್ತೆಯ ಕಾರು, ಊರೊಳಗೇ ಸುತ್ತುವ ಕಾರು, ಇವಕ್ಕೆ 5,000ದಿಂದ 7,000 ಕಿಲೋಮೀಟರಿಗೆ ಬದಲಿಸುವುದು ನಮ್ಮ ಸಲಹೆ. ಹೆದ್ದಾರಿಯಲ್ಲೇ ಜಾಸ್ತಿ ಓಡುವ ಕಾರಿಗೆ 10,000 ಸರಿ. ಓಡದೇ ನಿಂತ ಕಾರಿಗೂ ವರ್ಷಕ್ಕೊಮ್ಮೆ ಬದಲಿಸಿ. ಪ್ರತಿ ಸಲ ಆಯಿಲ್ ಫಿಲ್ಟರ್ ಕೂಡ.

ಹೊಸ ಆಯಿಲ್ ಎರಡೇ ವಾರಕ್ಕೆ ಕಪ್ಪಾಯಿತು. ಮೋಸ ಆಯ್ತಾ?

ಡೀಸೆಲ್ ಆದರೆ ಇಲ್ಲ. ಕರಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೇ ಆಯಿಲ್ ಕೆಲಸ, ಎರಡು ದಿನಕ್ಕೇ ಕಪ್ಪಾಗಬಹುದು. ಹೆದರಬೇಕಾದದ್ದು ಬೇರೆ ಬಣ್ಣಕ್ಕೆ. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ನೀರು ಅಥವಾ ಕೂಲಂಟ್ ಸೇರಿರಬಹುದು. ಹೆಡ್ ಗ್ಯಾಸ್ಕೆಟ್ ನೋಡಿಸುವವರೆಗೆ ಗಾಡಿ ಓಡಿಸಬೇಡಿ.

ಎಂಜಿನ್ನಿನಲ್ಲಿ ಆಯಿಲ್ ಮಟ್ಟ ನೋಡುವುದು ಹೇಗೆ?

ಸಮ ಜಾಗದಲ್ಲಿ ನಿಲ್ಲಿಸಿ, ಆಫ್ ಮಾಡಿ, ಐದು ಹತ್ತು ನಿಮಿಷ ಬಿಡಿ. ಗೇಜ್ ಕಡ್ಡಿ ತೆಗೆದು ಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ಹಾಕಿ ತೆಗೆಯಿರಿ. ಎರಡು ಗುರುತುಗಳ ನಡುವೆ, ಮೇಲಿನ ಅರ್ಧದಲ್ಲಿ ಇದ್ದರೆ ಚೆನ್ನ. ಮೇಲಿನ ಗುರುತು ದಾಟಿಸಬೇಡಿ. ಜಾಸ್ತಿಯಾದರೆ ಕ್ರ್ಯಾಂಕ್ ಬಡಿದು ನೊರೆ ಏಳುತ್ತದೆ, ನೊರೆಗೆ ಪ್ರೆಶರ್ ಇರುವುದಿಲ್ಲ. ಸಣ್ಣ ಪೆಟ್ರೋಲ್ ಕಾರಿಗೆ ಸಾಮಾನ್ಯವಾಗಿ 3ರಿಂದ 3.5 ಲೀಟರ್ ಸಾಕು. “ನಾಲ್ಕು ಲೀಟರ್ ಡಬ್ಬಿ ಪೂರ್ತಿ ಹಾಕಿಬಿಡಿ” ಎಂದು ಹೇಳಬೇಡಿ. ಉಳಿದದ್ದನ್ನು ಮನೆಗೆ ತನ್ನಿ, ಮೇಲಿಂದ ಹಾಕಲು ಬರುತ್ತದೆ.

ಓಡಿಸುವಾಗ ಕೆಂಪು ಆಯಿಲ್ ದೀಪ ಬಂದರೆ?

ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್. “ಮುಂದಿನ ಬಂಕ್‌ವರೆಗೆ ಹೋಗೋಣ” ಬೇಡ. ಆ ದೀಪ ಹೇಳುವುದು ಪ್ರೆಶರ್ ಇಲ್ಲ ಎಂದು. ಆ ಎರಡು ಕಿಲೋಮೀಟರಿನಲ್ಲಿ ಎಂಜಿನ್ ಸೀಜ್ ಆಗಬಹುದು. ಹಳ್ಳಿ ದಾರಿಯಲ್ಲಿ ಕಲ್ಲು ಬಡಿದು ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಒಡೆದಿದೆಯಾ ಎಂದು ಮೊದಲು ಕೆಳಗೆ ಬಗ್ಗಿ ನೋಡಿ.

ಬೇರೆ ಕಂಪನಿಯ ಆಯಿಲ್ ಮೇಲಿಂದ ಹಾಕಬಹುದಾ?

ಅದೇ ಗ್ರೇಡ್, ಅದೇ ಗುಣಮಟ್ಟದ ಅಕ್ಷರ ಇದ್ದರೆ ಹಾಕಬಹುದು, ಹಾಲಿನಂತೆ ಒಡೆಯುವುದಿಲ್ಲ. ದಾರಿ ಮಧ್ಯೆ ಅದೂ ಸಿಗದಿದ್ದರೆ ಹತ್ತಿರದ ಗ್ರೇಡ್ ಅರ್ಧ ಲೀಟರ್ ಹಾಕಿ ಊರು ಸೇರಿ. ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಟ್ರ್ಯಾಕ್ಟರಿಗೆ ತಂದ ಆಯಿಲ್ ಮನೆಯಲ್ಲಿ ಉಳಿದಿದೆ. ಕಾರಿಗೆ ಹಾಕಲಾ?

ಯಾವ ಆಯಿಲ್ ಉಳಿದಿದೆ ನೋಡಿ. ಟ್ರ್ಯಾಕ್ಟರಿನ ಗೇರ್, ಹೈಡ್ರಾಲಿಕ್, ಬ್ರೇಕ್‌ಗೆ ಹಾಕುವ ಆಯಿಲ್ ಆದರೆ ಕಾರಿನ ಎಂಜಿನ್ ಹತ್ತಿರವೂ ತರಬೇಡಿ. ಎಂಜಿನ್ ಆಯಿಲ್ ಆದರೂ ಹೆಚ್ಚಾಗಿ 15ಡಬ್ಲ್ಯೂ-40 ಅಥವಾ 20ಡಬ್ಲ್ಯೂ-40 ಡೀಸೆಲ್ ಆಯಿಲ್ ಇರುತ್ತದೆ. ಅದೇ ಗ್ರೇಡ್ ಕೇಳುವ ಹಳೆ ಡೀಸೆಲ್ ಜೀಪಿಗೆ ನಡೆಯಬಹುದು. ಬಿಎಸ್6 ಡೀಸೆಲ್ಲಿಗೂ ಈಗಿನ ಪೆಟ್ರೋಲ್ ಕಾರಿಗೂ ಬೇಡ.

ಬೈಕಿನ ಆಯಿಲ್ ವಿಷಯವೂ ಹೀಗೇ. ಬೈಕಿನಲ್ಲಿ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುತ್ತದೆ, ಅದಕ್ಕೆ ಜಾಸೊ ಎಂಎ ಗುರುತಿನ ಆಯಿಲ್. ಕಾರಿನ ತೆಳು ಆಯಿಲ್‌ಗಳಲ್ಲಿ ಜಾರಿಸುವ ಅಂಶ ಬೆರೆಸಿರುತ್ತಾರೆ. ಅದನ್ನು ಬೈಕಿಗೆ ಹಾಕಿದರೆ ಕ್ಲಚ್ ಜಾರಬಹುದು.

ಹಳೆ ಕಾರು ಕೊಂಡಿದ್ದೇನೆ. ಹಿಂದೆ ಏನು ಹಾಕಿದ್ದರೋ ಗೊತ್ತಿಲ್ಲ.

ಹಳೆಯದನ್ನು ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಮ್ಯಾನ್ಯುಯಲ್ ಹೇಳಿದ್ದನ್ನು ಹಾಕಿ, ಆ ದಿನದ ಕಿಲೋಮೀಟರ್ ಬರೆದಿಡಿ. ಮೊದಲ ಸಲ 3,000 ಕಿಲೋಮೀಟರಿಗೇ ಇನ್ನೊಮ್ಮೆ ಬದಲಿಸಿದರೆ ಒಳಗಿನ ಕೆಸರು ಮೆಲ್ಲಗೆ ಬರುತ್ತದೆ. ಫ್ಲಶ್ ಹಾಕಿ ಒಂದೇ ಏಟಿಗೆ ತೊಳೆಯುವ ಆಸೆ ಬೇಡ. ವರ್ಷಗಳ ಕೆಸರು ಒಟ್ಟಿಗೇ ಎದ್ದು ಚೇಂಬರಿನ ಜಾಲರಿಗೆ ಕೂತರೆ ಆಯಿಲ್ ಮೇಲೆ ಏರುವುದೇ ಇಲ್ಲ.

ಫೋರ್ಡ್ ಇಕೋಸ್ಪೋರ್ಟ್ 1.0 ಇಕೋಬೂಸ್ಟ್ ಕೊಂಡವರು ಇನ್ನೂ ಹುಷಾರಾಗಿರಿ. ಆ ಎಂಜಿನ್ನಿನ ಟೈಮಿಂಗ್ ಬೆಲ್ಟ್ ಆಯಿಲ್ ಒಳಗೇ ತಿರುಗುತ್ತದೆ. ತಪ್ಪು ಆಯಿಲ್ ಅಥವಾ ತಡವಾದ ಆಯಿಲ್ ಆ ಬೆಲ್ಟನ್ನು ಕರಗಿಸುತ್ತದೆ, ಚೂರುಗಳು ಜಾಲರಿ ಮುಚ್ಚುತ್ತವೆ. ಕಂಪನಿ ಹೇಳಿದ ನಂಬರಿನ ಆಯಿಲ್ ಬಿಟ್ಟು ಬೇರೆ ಬೇಡ.

ರಿಂಗ್ ಸವೆದು ನೀಲಿ ಹೊಗೆ ಬರುತ್ತಿದ್ದರೆ ಸ್ವಲ್ಪ ದಪ್ಪ ಆಯಿಲ್‌ನಿಂದ ಕೆಲವು ತಿಂಗಳು ತಳ್ಳಬಹುದು. ರಿಪೇರಿ ಖರ್ಚು ಮುಂದೆ ಹೋಯಿತು, ಅಷ್ಟೇ.

ಆಯಿಲ್ ಜೊತೆ ಬೆರೆಸಲು ಮಾರುವ ಅಡಿಟಿವ್ ಶೀಶೆ ಕೊಳ್ಳಲಾ?

ದುಡ್ಡು ಉಳಿಸಿ.

ನಕಲಿ ಆಯಿಲ್ ಗುರುತಿಸುವುದು ಹೇಗೆ?

ಬಣ್ಣ, ವಾಸನೆ ನೋಡಿ ಯಾರಿಂದಲೂ ಹೇಳಲಾಗದು. ನಕಲಿ ಮಾಡುವವರು ಅಸಲಿ ಖಾಲಿ ಡಬ್ಬಿಯಲ್ಲೇ ತುಂಬಿಸುತ್ತಾರೆ. ಹಾಗಾಗಿ ಡಬ್ಬಿಗಿಂತ ಕೊಳ್ಳುವ ಜಾಗ ಮುಖ್ಯ. ಕಂಪನಿ ಸರ್ವಿಸ್ ಸೆಂಟರ್, ಆಯಿಲ್ ಕಂಪನಿಯ ಬಂಕ್, ಬಿಲ್ ಕೊಡುವ ಡೀಲರ್. ಎಂಆರ್‌ಪಿಗಿಂತ ತೀರಾ ಕಡಿಮೆಗೆ ಕೊಡುತ್ತೇನೆ ಅಂದರೆ ಅನುಮಾನ ಪಡಿ. ಮುಚ್ಚಳದ ಸೀಲ್, ಬ್ಯಾಚ್ ನಂಬರ್, ತಯಾರಾದ ತಿಂಗಳು ನೋಡಿ, ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿ. ಡಬ್ಬಿಯನ್ನು ನಿಮ್ಮ ಎದುರೇ ಒಡೆಯಲು ಹೇಳಿ. ಖಾಲಿಯಾದ ಮೇಲೆ ಅದಕ್ಕೊಂದು ತೂತು ಹೊಡೆಯಿರಿ. ಅಷ್ಟು ಮಾಡಿದರೆ ಆ ಡಬ್ಬಿ ಮತ್ತೆ ಯಾರ ಕೈಗೂ ತುಂಬಿ ಬರುವುದಿಲ್ಲ. ಬ್ಯಾರಲ್‌ನಿಂದ ಲೂಸ್ ಹಾಕುವ ಕಡೆ ಬಿಲ್ಲಿನಲ್ಲಿ ಗ್ರೇಡ್, ಗುಣಮಟ್ಟದ ಅಕ್ಷರ ಬರೆಸಿಕೊಳ್ಳಿ. ವಾರಂಟಿ ಇರುವ ಕಾರಾದರೆ ಈ ಬಿಲ್ಲುಗಳನ್ನು ಜೋಪಾನ ಮಾಡಿ.

ಇಳಿಸಿದ ಹಳೆ ಆಯಿಲ್ ಮನೆಗೆ ತರಬಹುದಾ? ಬಾಗಿಲು, ನೊಗಕ್ಕೆ ಗೆದ್ದಲು ಹಿಡಿಯದಂತೆ ಹಚ್ಚುತ್ತೇವೆ.

ಹಳ್ಳಿಗಳಲ್ಲಿ ಈ ರೂಢಿ ಇದೆ. ಬಿಡುವುದು ಒಳ್ಳೆಯದು. ಎಂಜಿನ್ನಿನಲ್ಲಿ ಸುಟ್ಟ ಆಯಿಲ್‌ನಲ್ಲಿ ಲೋಹದ ಪುಡಿ, ಕ್ಯಾನ್ಸರ್ ತರಬಲ್ಲ ಅಂಶ ಇರುತ್ತವೆ. ಬರಿಗೈಯಲ್ಲಿ ಮುಟ್ಟುವ ವಸ್ತು ಅಲ್ಲ, ದನ ಕರು ನೆಕ್ಕುವ ಜಾಗಕ್ಕಂತೂ ಬೇಡವೇ ಬೇಡ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಗ್ಯಾರೇಜಿನಲ್ಲಿ ಬದಲಿಸಿದರೆ ಅಲ್ಲೇ ಬಿಡಿ, ಬ್ಯಾರಲ್‌ನಲ್ಲಿ ಕೂಡಿಟ್ಟು ಕೊಡುತ್ತಾರೆ. ಮನೆಯಲ್ಲೇ ಬದಲಿಸುವವರು ಖಾಲಿ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಒಯ್ದು ಕೊಡಿ. ಚರಂಡಿಗೆ, ಹೊಲದ ಬದುವಿಗೆ, ಬಾವಿ ಹತ್ತಿರ ಸುರಿಯಬೇಡಿ. ಡಬ್ಬಿಗೆ ತೂತು ಹೊಡೆಯುವ ಕೆಲಸ ಅದನ್ನು ಅಲ್ಲಿ ಬಗ್ಗಿಸಿದ ಮೇಲೆ ಮಾಡಿ.